ನೀರಿನ ಊಳಿಗ

ಕಡಲ ತೀರದ ಕಾಂಡ್ಲಾ ಕಾಡಿಗೂ ಮಂಡ್ಯ ಜಿಲ್ಲೆಯ ಒಳನಾಡಿಗೂ ಏನು ನಂಟು ಎಂದು ಯಾರಾದರೂ ಕೇಳಿಯಾರು. ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ಈ ನಾಲ್ಕು ತಾಲ್ಲೂಕುಗಳಿಂದ ಕಡಲು ಬಹು ದೂರ. ಇಲ್ಲಿಯ ಜನ ಬಲ್ಲದ್ದು ಕಬ್ಬು, ಭತ್ತ, ರಾಗಿ, ತೆಂಗು. ಕೆರೆ, ಕಟ್ಟೆ, ನಾಲೆ. ಆದರೂ ನಂಟು ಉಂಟು. ಅದನ್ನು ಬೆಸೆದಿರುವವಳು ಕಾವೇರಿ.

ನಮ್ಮ ಹಿರಿಯರು ಕಾವೇರಿಯ ಮೂರು ನಡುಗಡ್ಡೆಗಳಲ್ಲಿ ಮೂವರು ರಂಗನಾಥರನ್ನು ಕಂಡರು. ಶ್ರೀರಂಗಪಟ್ಟಣದಲ್ಲಿ ಆದಿರಂಗ, ಶಿವನಸಮುದ್ರದಲ್ಲಿ ಮಧ್ಯರಂಗ, ತಿರುಚಿರಾಪಳ್ಳಿಯ ಬಳಿಯ ಶ್ರೀರಂಗದಲ್ಲಿ ಅಂತ್ಯರಂಗ. ಒಂದೇ ನೀರು ಮೂರು ದೇವರ ಪಾದ ತೊಳೆಯುತ್ತದೆ ಎಂಬುದು ಭಕ್ತರ ಮಾತು. ಭೂಗೋಳದ ಮಾತೂ ಅದೇ. ಶ್ರೀರಂಗದ ಮೇಲ್ಗಡೆ ಹೊಳೆ ಕವಲೊಡೆದು, ಅದರ ಉತ್ತರದ ಕವಲು ಕೊಳ್ಳಿಡಂ ಎಂಬ ಹೆಸರಿನಿಂದ ಬಂಗಾಳ ಕೊಲ್ಲಿಯತ್ತ ಸಾಗುತ್ತದೆ. ಕೊಳ್ಳಿಡಂ ಕಡಲು ಸೇರುವ ಅಳಿವೆಗೂ ಅದರ ಬಡಗಣ ವೆಳ್ಳಾರಿನ ಅಳಿವೆಗೂ ನಡುವೆ ಇರುವುದೇ ಪಿಚಾವರಂ ಕಾಂಡ್ಲಾ ಕಾಡು. ಕಾವೇರಿಯ ಮುಖಜಭೂಮಿಯ ತೆಂಕಣ ತುದಿಯಲ್ಲಿ ಮುತ್ತುಪೇಟೆಯ ಕಾಂಡ್ಲಾ ಕಾಡು. ಕೊಡಗಿನಲ್ಲಿ ಹುಟ್ಟಿ ಸುಮಾರು 800 ಕಿಲೋಮೀಟರು ನಡೆದು ಬಂದ ಹೊಳೆ ಕಡಲಿಗೆ ಒಪ್ಪಿಸುವ ಕೊನೆಯ ಲೆಕ್ಕ ಈ ಎರಡು ಕಾಡುಗಳ ಅಂಗಳದಲ್ಲಿ ನಡೆಯುತ್ತದೆ.

ನಾಲ್ಕು ತಾಲ್ಲೂಕುಗಳ ನೀರೆಲ್ಲ ಸೇರುವುದೂ ಈ ಹೊಳೆಗೇ. ಕೃಷ್ಣರಾಜಪೇಟೆಯ ನೀರನ್ನು ಹೇಮಾವತಿ ತರುತ್ತಾಳೆ. ನಾಗಮಂಗಲ, ಪಾಂಡವಪುರಗಳ ಕಡೆಯಿಂದ ಲೋಕಪಾವನಿ ಬಂದು ಕರಿಘಟ್ಟದ ಬಳಿ ಕಾವೇರಿಯನ್ನು ಕೂಡುತ್ತಾಳೆ. ನಾಗಮಂಗಲದ ವೀರವೈಷ್ಣವಿ ಶಿಂಷೆಯನ್ನು ಸೇರಿ, ಶಿಂಷೆ ಶಿವನಸಮುದ್ರದ ಕೆಳಗೆ ಕಾವೇರಿಗೆ ಬೀಳುತ್ತಾಳೆ. ಹೀಗಾಗಿ ಒಂದು ಹಳ್ಳಿಯ ಕೋಡಿಯಿಂದ ಹೊರಟ ನೀರಿಗೂ ಕಡಲಿನವರೆಗೆ ದಾರಿಯುಂಟು.

ಕಾಂಡ್ಲಾ ಎಂಬುದು ಒಂದೇ ಮರದ ಹೆಸರಲ್ಲ. ಸಿಹಿನೀರೂ ಉಪ್ಪುನೀರೂ ಬೆರೆಯುವ ಕೆಸರಿನಲ್ಲಿ ಬದುಕಬಲ್ಲ ಹಲವು ಜಾತಿಯ ಗಿಡಮರಗಳನ್ನು ನಮ್ಮ ಕರಾವಳಿಯವರು ಈ ಹೆಸರಿನಿಂದ ಕರೆಯುತ್ತಾರೆ. ಕಾಳಿ, ಅಘನಾಶಿನಿ, ಶರಾವತಿ ಹೊಳೆಗಳ ಅಳಿವೆಗಳಲ್ಲಿಯೂ ಕುಂದಾಪುರದ ಹಿನ್ನೀರಿನಲ್ಲಿಯೂ ಇವನ್ನು ಕಾಣಬಹುದು. ಭಾರತದಲ್ಲಿ ಒಟ್ಟು ಸುಮಾರು 5 ಸಾವಿರ ಚದರ ಕಿಲೋಮೀಟರು ಕಾಂಡ್ಲಾ ಇದ್ದರೆ, ನಮ್ಮ ರಾಜ್ಯದ ಪಾಲು 15 ಚದರ ಕಿಲೋಮೀಟರನ್ನೂ ಮುಟ್ಟದು. ವಿಸ್ತಾರ ಕಡಮೆಯಾದರೂ ಅದರ ಕೆಲಸ ದೊಡ್ಡದು. ಮೀನು ಸೀಗಡಿಗಳ ಮರಿಗಳಿಗೆ ಅದು ತೊಟ್ಟಿಲು. ದಡದ ಮಣ್ಣಿಗೆ ಕಟ್ಟು. ಬಿರುಗಾಳಿಗೆ ಅಡ್ಡ ನಿಂತ ಬೇಲಿ. 2004ನೆಯ ಡಿಸೆಂಬರ್ 26ರಂದು ಸುನಾಮಿಯ ಅಲೆ ತಮಿಳುನಾಡಿನ ಕರಾವಳಿಗೆ ನುಗ್ಗಿದಾಗ, ಪಿಚಾವರಂ ಕಡೆ ಕಾಂಡ್ಲಾದ ಮರೆಯಲ್ಲಿದ್ದ ಹಳ್ಳಿಗಳಿಗೆ ಬಯಲಿನ ಹಳ್ಳಿಗಳಿಗಿಂತ ಕಡಮೆ ಹಾನಿಯಾಯಿತೆಂದು ಆಮೇಲೆ ಪರಿಶೀಲಿಸಿದವರು ಕಂಡುಕೊಂಡರು.

ಈ ಮರಗಳು ಉಸಿರಾಡುವ ಬಗೆಯೇ ಬೇರೆ. ಅಳಿವೆಯ ಕೆಸರಿನೊಳಗೆ ಗಾಳಿ ಇಲ್ಲ. ಆದುದರಿಂದ ಕೆಲವು ಜಾತಿಯ ಕಾಂಡ್ಲಾ ಮರಗಳು ತಮ್ಮ ಬೇರುಗಳನ್ನು ಮೊಳೆಗಳಂತೆ ಕೆಸರಿನಿಂದ ಮೇಲಕ್ಕೆ ಚಾಚಿ, ಇಳಿತದ ಹೊತ್ತಿನಲ್ಲಿ ಗಾಳಿ ಕುಡಿಯುತ್ತವೆ. ಈ ಉಸಿರುಬೇರುಗಳ ಮೇಲೆ ಪ್ಲಾಸ್ಟಿಕ್ ಚೀಲ, ಹರಿದ ಬಟ್ಟೆ, ಹಳೆಯ ಬಲೆ ಬಂದು ಹಾಸಿಕೊಂಡರೆ ಮರದ ಮೂಗು ಮುಚ್ಚಿದಂತೆ. ಇನ್ನು ಕೆಲವು ಜಾತಿಗಳಲ್ಲಿ ಬೀಜ ತಾಯಿಮರದಲ್ಲಿಯೇ ಮೊಳೆತು, ಉದ್ದನೆಯ ಕೋಡಿನಂತೆ ಬೆಳೆದು, ಕೆಳಗಿನ ಕೆಸರಿಗೆ ಬಿದ್ದು ನೆಟ್ಟುಕೊಳ್ಳುತ್ತದೆ. ಕೆಸರಿನ ಮೇಲೆ ಕಸದ ಚಾಪೆ ಇದ್ದರೆ ಆ ಕೂಸಿಗೆ ನೆಲವೇ ಸಿಕ್ಕದು. ಹೀಗೆ ಕಸ ಇಂದಿನ ಮರವನ್ನೂ ನಾಳೆಯ ಸಸಿಯನ್ನೂ ಒಟ್ಟಿಗೇ ಕೊಲ್ಲುತ್ತದೆ.

ಇದನ್ನು ಕಂಡು ಮರುಗಿದವರು ಸುಮ್ಮನೆ ಕುಳಿತಿಲ್ಲ. ಕೇರಳದ ಕಣ್ಣೂರು ಜಿಲ್ಲೆಯಲ್ಲಿ ಕಲ್ಲೇನ್ ಪೊಕ್ಕುಡನ್ ಎಂಬ ಬಡ ದುಡಿಮೆಗಾರರು ಅಳಿವೆಗಳ ದಡದಲ್ಲಿ ಕಾಂಡ್ಲಾ ಸಸಿಗಳನ್ನು ನೆಡುತ್ತ ಬಾಳು ಸವೆಸಿ 2015ರಲ್ಲಿ ತೀರಿಕೊಂಡರು. ಲಕ್ಷಾಂತರ ಕನ್ನಡಿಗರು ನೆಲೆಸಿರುವ ಮುಂಬಯಿಯಲ್ಲಿ, ವರ್ಸೋವಾ ಕಡಲ ದಡದಲ್ಲಿ ವಕೀಲ ಅಫ್ರೋಜ್ ಷಾ 2015ರ ಅಕ್ಟೋಬರಿನಲ್ಲಿ ಕಸ ಎತ್ತಲು ಬಗ್ಗಿದರು. ವಾರ ವಾರ ಜನ ಕೂಡಿದರು. ಮರುವರುಷ ವಿಶ್ವಸಂಸ್ಥೆಯ ಪರಿಸರ ವಿಭಾಗ ಅವರನ್ನು ಗೌರವಿಸಿತು. ಮುಂಬಯಿಯ ಕಾಂಡ್ಲಾ ಕಾಡುಗಳಲ್ಲಿಯೂ ರಜಾದಿನಗಳಲ್ಲಿ ಕೈಗವಸು ತೊಟ್ಟ ತರುಣ ತರುಣಿಯರು ಮೊಣಕಾಲು ಕೆಸರಿನಲ್ಲಿ ನಿಂತು ಚೀಲಗಳನ್ನು ಬಿಡಿಸುವುದು ಈಗ ಅಪರೂಪದ ನೋಟವಲ್ಲ.

ಆದರೆ ಈ ಕೆಲಸದಲ್ಲಿ ತೊಡಗಿದವರಿಗೆಲ್ಲ ಒಂದು ಕಹಿ ಸಂಗತಿ ಬೇಗ ತಿಳಿಯುತ್ತದೆ. ಭಾನುವಾರ ತೆಗೆದ ಕಸದ ಜಾಗಕ್ಕೆ ಮುಂದಿನ ಉಬ್ಬರ ಹೊಸ ಕಸವನ್ನು ತಂದು ಹಾಕುತ್ತದೆ. ಕಸದ ಕಥೆ ಕಡಲಿನಲ್ಲಿ ಮುಗಿಯುತ್ತದೆಯೇ ಹೊರತು ಅಲ್ಲಿ ಹುಟ್ಟುವುದಿಲ್ಲ. ಹುಟ್ಟುವುದು ಮೇಲಿನ ಊರುಗಳಲ್ಲಿ, ಹೊಳೆಯ ಮೆಟ್ಟಿಲುಗಳಲ್ಲಿ, ಕೆರೆಯ ಕೋಡಿಗಳಲ್ಲಿ. ಪಿಚಾವರಂನ ಕಸವೆಲ್ಲ ನಮ್ಮದೆಂದು ಯಾರೂ ಹೇಳಲಾರರು. ನಡುವೆ 1934ರಲ್ಲಿ ಮುಗಿದ ಮೆಟ್ಟೂರು ಅಣೆಕಟ್ಟೆ ಇದೆ, ದಾರಿಯುದ್ದಕ್ಕೂ ಅಣೆಗಳಿವೆ, ಅಲ್ಲಲ್ಲಿ ಬಹಳಷ್ಟು ತಡೆದು ನಿಲ್ಲುತ್ತದೆ. ಆದರೆ ನೆರೆ ಬಂದಾಗ ತೇಲುವ ವಸ್ತು ಅಣೆಯನ್ನು ಹಾರಿ ಹೋಗುತ್ತದೆ. ಪ್ಲಾಸ್ಟಿಕ್ ಬಿಸಿಲಿಗೆ ಒಡೆದು ಪುಡಿಯಾಗಿ ನೀರಿನೊಡನೆ ನಡೆಯುತ್ತದೆ. ಸಾಬೂನು, ಕೊಳಚೆಗಳನ್ನು ಯಾವ ಕಟ್ಟೆಯೂ ಹಿಡಿಯದು. ಆದುದರಿಂದ ಕಾಂಡ್ಲಾ ಕಾಯುವ ಕೆಲಸದ ಮೊದಲ ಅಧ್ಯಾಯವನ್ನು ಹೊಳೆಯ ಮೇಲ್ಗಡೆಯಲ್ಲಿಯೇ ಓದಬೇಕಾಗುತ್ತದೆ. ನಮ್ಮ ನಾಲ್ಕು ತಾಲ್ಲೂಕುಗಳ ಚರಿತ್ರೆಯಲ್ಲಿ ಆ ಅಧ್ಯಾಯ ಬಹು ಹಳೆಯದು.

ಕೆರೆ ಕಟ್ಟಿಸುವುದು ಪುಣ್ಯವೆಂದು ಎಲ್ಲರೂ ಬಲ್ಲರು. ಕಟ್ಟಿದ ಕೆರೆಯನ್ನು ಕಾಯುವುದಕ್ಕೆ ಹಿಂದಿನವರು ಮಾಡಿದ್ದ ಏರ್ಪಾಡು ಅಷ್ಟಾಗಿ ಗೊತ್ತಿಲ್ಲ. ಎಪಿಗ್ರಾಫಿಯ ಕರ್ನಾಟಿಕದ ಪರಿಷ್ಕೃತ ಆವೃತ್ತಿಯಲ್ಲಿ 6ನೆಯ ಸಂಪುಟ ಕೃಷ್ಣರಾಜಪೇಟೆ, ಪಾಂಡವಪುರ, ಶ್ರೀರಂಗಪಟ್ಟಣಗಳ ಶಾಸನಗಳನ್ನು ಕೂಡಿಸಿಕೊಟ್ಟಿದೆ; ನಾಗಮಂಗಲದವು 7ನೆಯ ಸಂಪುಟದಲ್ಲಿವೆ. ನಮ್ಮ ನಾಡಿನ ಶಾಸನಗಳನ್ನು ತಿರುವುತ್ತ ಹೋದವರಿಗೆ ಕೆಲವು ಮಾತುಗಳು ಮತ್ತೆ ಮತ್ತೆ ಎದುರಾಗುತ್ತವೆ. ಬಿತ್ತುವಟ್ಟ ಎಂದರೆ ಕೆರೆಯ ಕೆಳಗಿನ ಬೆಳೆಯಲ್ಲಿ ಕೆರೆಯ ದುರಸ್ತಿಗೆಂದು ಬಿಟ್ಟ ಪಾಲು. ಕಟ್ಟುಕೊಡಗಿ ಎಂದರೆ ಕೆರೆ ಕಟ್ಟಿದವನಿಗೂ ಅದನ್ನು ನೋಡಿಕೊಳ್ಳುವವನಿಗೂ ಬಿಟ್ಟ ಭೂಮಿ. ದಶವಂದವೂ ಇದೇ ಬಗೆಯ ದತ್ತಿ. ಹೂಳು ಸಾಗಿಸುವ ಬಂಡಿಯ ಖರ್ಚಿಗೆಂದು ದತ್ತಿ ಬಿಟ್ಟ ನಿದರ್ಶನಗಳೂ ಕನ್ನಡ ನಾಡಿನಲ್ಲಿ ಉಂಟು.

ಇದರ ಅರ್ಥವೇನು? ಕೆರೆ ತೋಡಿದ ದಿನವೇ ಹೂಳು ತುಂಬುತ್ತದೆಂದು ಆ ಜನ ಬಲ್ಲರು. ಅದನ್ನು ತೆಗೆಯುವುದು ಯಾರದೋ ಒಳ್ಳೆಯ ಮನಸ್ಸಿಗೆ ಬಿಟ್ಟ ವಿಷಯವಾಗಬಾರದೆಂದೂ ಬಲ್ಲರು. ಕೆಲಸಕ್ಕೆ ಒಬ್ಬ ಗೊತ್ತಾದ ಆಳು, ಆಳಿಗೆ ಗೊತ್ತಾದ ಕೂಲಿ, ಕೂಲಿಗೆ ಗೊತ್ತಾದ ಭೂಮಿ: ಈ ಮೂರನ್ನೂ ಕಲ್ಲಿನಲ್ಲಿ ಬರೆಸಿದರು. ಪುಣ್ಯದ ಮಾತು ಶಾಸನದ ಕೊನೆಯಲ್ಲಿ ಬರುತ್ತದೆ. ಲೆಕ್ಕದ ಮಾತು ಮೊದಲು ಬರುತ್ತದೆ.

ಹಳ್ಳಿಯ ಆಯಗಾರರಲ್ಲಿ ನೀರುಗಂಟಿ ಒಬ್ಬ. ತೂಬು ಎತ್ತುವುದು, ಗದ್ದೆಗಳಿಗೆ ಸರದಿಯಂತೆ ನೀರು ಬಿಡುವುದು, ಏರಿಯಲ್ಲಿ ಬಿರುಕು ಕಂಡರೆ ಊರಿಗೆ ಸುದ್ದಿ ಮುಟ್ಟಿಸುವುದು ಅವನ ಕೆಲಸ. ತೋಟಿ ತಳವಾರರು ಅವನ ಜೊತೆಗಾರರು. ಬೇಸಿಗೆಯಲ್ಲಿ ಕೆರೆ ಬತ್ತಿದಾಗ ರೈತರು ಗಾಡಿ ಕಟ್ಟಿಕೊಂಡು ಬಂದು ಗೋಡುಮಣ್ಣನ್ನು ತಮ್ಮ ಹೊಲಗಳಿಗೆ ಹೊಡೆಯುತ್ತಿದ್ದರು. ಕೆರೆಗೆ ಹೂಳು ಇಳಿಯಿತು, ಹೊಲಕ್ಕೆ ಗೊಬ್ಬರವಾಯಿತು. ಕೊಳೆ ಎಂಬುದು ಆಗ ಎಸೆಯುವ ವಸ್ತುವಾಗಿರಲಿಲ್ಲ. ಅದಕ್ಕೂ ಒಂದು ಮನೆ ಇತ್ತು.

ಪಾಂಡವಪುರ ತಾಲ್ಲೂಕಿನ ಮೇಲುಕೋಟೆಯಲ್ಲಿ ಇದೇ ವಿವೇಕ ಕಲ್ಲಿನ ಮೆಟ್ಟಿಲಾಗಿದೆ. ಬೆಟ್ಟದ ಮೇಲಿನ ಆ ಊರಿಗೆ ಹೊಳೆಯಿಲ್ಲ. ಬಿದ್ದ ಮಳೆಯೇ ಗತಿ. ಅದಕ್ಕಾಗಿ ದೊಡ್ಡ ಕಲ್ಯಾಣಿಯಿಂದ ಹಿಡಿದು ಚಿಕ್ಕ ಕೊಳಗಳವರೆಗೆ ಬಂಡೆಗಳ ನಡುವೆ ಒಂದರ ಮೇಲೊಂದು ನೀರಿನ ಮನೆಗಳನ್ನು ಕಟ್ಟಿದರು. ಅಕ್ಕತಂಗಿಯರ ಕೊಳಗಳ ಕಥೆಯನ್ನು ಕೇಳದ ಯಾತ್ರಿಕನಿಲ್ಲ. ಪಕ್ಕಪಕ್ಕದ ಎರಡು ಕೊಳ; ಒಂದರ ನೀರು ಕುಡಿಯುವುದಕ್ಕೆ, ಇನ್ನೊಂದರದು ಬಳಸುವುದಕ್ಕೆ. ಕಥೆಯಲ್ಲಿ ಅಕ್ಕತಂಗಿಯರ ಗುಣದೋಷದ ಮಾತು ಬರುತ್ತದೆ. ಒಳಗಿರುವುದು ಒಂದು ಕಟ್ಟಳೆ: ಕುಡಿಯುವ ನೀರಿಗೂ ತೊಳೆಯುವ ನೀರಿಗೂ ನಡುವೆ ಗೆರೆ ಇರಲಿ. ಅದೇ ತಾಲ್ಲೂಕಿನ ತೊಣ್ಣೂರು ಕೆರೆಯದು ಇನ್ನೊಂದು ಸಾಕ್ಷಿ. ಎರಡು ಬೆಟ್ಟಗಳ ನಡುವಣ ಕಣಿವೆಗೆ ಏರಿ ಹಾಕಿ ಕಟ್ಟಿದ, ರಾಮಾನುಜಾಚಾರ್ಯರ ಹೆಸರಿನೊಡನೆ ಕೂಡಿಕೊಂಡಿರುವ ಕೆರೆ ಇದು. ಮುಂದೆ ಇದನ್ನು ಕಂಡ ಮುಸಲ್ಮಾನ ದೊರೆಗಳು ನೀರಿನ ತಿಳಿಗೆ ಮೆಚ್ಚಿ ಮೋತಿ ತಲಾಬು, ಅಂದರೆ ಮುತ್ತಿನ ಕೆರೆ ಎಂದು ಕರೆದರೆಂಬ ಹೇಳಿಕೆಯುಂಟು. ಕೆರೆಯೊಂದಕ್ಕೆ ಅದರ ನೀರಿನ ಶುದ್ಧಿಯಿಂದಲೇ ಹೆಸರು ಬಂದದ್ದು ಆ ಕಾಲದ ಕಾವಲಿಗೆ ಕೊಟ್ಟ ಪ್ರಶಸ್ತಿಯಲ್ಲವೆ?

ಈ ಏರ್ಪಾಡನ್ನು ಹೊಗಳುವಾಗ ಒಂದು ಮಾತನ್ನು ಮರೆಯಲಾಗದು. ನೀರುಗಂಟಿ, ತೋಟಿಗಳ ಊಳಿಗ ವಂಶದಿಂದ ಬಂದದ್ದು. ಬಹುಮಟ್ಟಿಗೆ ದಲಿತ ಮನೆತನಗಳ ಹೆಗಲಿಗೆ ಬಿದ್ದದ್ದು. ಊರಿಗೆಲ್ಲ ನೀರು ಹಂಚುವ ಕೈಗೆ ಊರ ಬಾವಿಯ ಹಗ್ಗ ಮುಟ್ಟುವ ಹಕ್ಕಿರಲಿಲ್ಲ. ಕೆರೆಯ ಕೆಲಸದಲ್ಲಿ ಬಿಟ್ಟಿ ದುಡಿಮೆಯೂ ಬೆರೆತಿತ್ತು. ನೀರು ತಿಳಿಯಾಗಿತ್ತು, ಅದರ ಹಿಂದಿನ ನ್ಯಾಯ ತಿಳಿಯಾಗಿರಲಿಲ್ಲ. ಹಳೆಯದನ್ನೇ ಮರಳಿ ತರೋಣ ಎನ್ನುವವರು ಇದನ್ನು ನೆನೆಯಬೇಕು.

ಹಳೆಯ ಕಟ್ಟು ಒಂದೇ ದಿನದಲ್ಲಿ ಸಡಿಲಲಿಲ್ಲ. ಮೈಸೂರು ಸೀಮೆ ಬ್ರಿಟಿಷ್ ಕಮಿಷನರುಗಳ ಕೈಯಲ್ಲಿದ್ದಾಗ, 1860ರ ದಶಕದಲ್ಲಿ, ಇಲ್ಲಿಯ ಮುಖ್ಯ ಎಂಜಿನಿಯರ್ ಸ್ಯಾಂಕಿ ಕೆರೆಗಳನ್ನು ಕಂಡು ಬೆರಗಾದ. ರಾಜ್ಯದ 27,269 ಚದರ ಮೈಲಿಗಳಲ್ಲಿ ನೂರಕ್ಕೆ ಅರವತ್ತು ಪಾಲು ಕೆರೆಗಳ ಏರ್ಪಾಡಿಗೆ ಒಳಪಟ್ಟಿದೆಯೆಂದೂ, ಹೊಸ ಕೆರೆಗೆ ಜಾಗ ಹುಡುಕುವುದೇ ಜಾಣತನದ ಕೆಲಸವೆಂದೂ ಬರೆದ. ಆದರೆ ದುರಸ್ತಿಯ ಹೊಣೆ ನಿಧಾನವಾಗಿ ಊರಿನ ಕೈಯಿಂದ ಇಲಾಖೆಯ ಕೈಗೆ ಜಾರತೊಡಗಿತ್ತು. ಅದನ್ನು ಊರಿಗೆ ಮರಳಿಸಲು ಮೈಸೂರು ಸರಕಾರ ಯತ್ನಿಸದೆ ಇರಲಿಲ್ಲ. 1911ರಲ್ಲಿ ಕೆರೆ ಪಂಚಾಯಿತಿಗಳ ಕಾಯಿದೆ ಬಂದಿತು. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ ಗ್ರಾಮ ನೈರ್ಮಲ್ಯದ ಯೋಜನೆ ಹೊರಟು, ಊರವರು ತಮ್ಮ ದುಡಿಮೆಯ ಒಂದು ಪಾಲನ್ನು ಊರಿನ ಸಾಮಾನ್ಯ ಕೆಲಸಕ್ಕೆ ಕೊಡಲೆಂಬ ಆಶಯ ಮೂಡಿತು. ಅದೇ 1911ರಲ್ಲಿ ಕನ್ನಂಬಾಡಿಯ ಬಳಿ ಕೃಷ್ಣರಾಜಸಾಗರದ ಕೆಲಸವೂ ಮೊದಲಾಯಿತು. ಆ ಕಟ್ಟೆ ಮಂಡ್ಯದ ಬಾಳನ್ನೇ ಬದಲಿಸಿತು. ನಾಲೆಯ ನೀರು ಬಂದ ಕಡೆ, ಊರ ಕೆರೆಯ ಹೂಳಿನ ಚಿಂತೆ ಸಹಜವಾಗಿ ಹಿಂದಕ್ಕೆ ಸರಿಯಿತು.

ಸ್ವಾತಂತ್ರ್ಯ ಬಂದ ಮೇಲೆ 1952ನೆಯ ಅಕ್ಟೋಬರ್ 2ರಂದು ಸಮುದಾಯ ಅಭಿವೃದ್ಧಿ ಯೋಜನೆ ಆರಂಭವಾಯಿತು. ಶ್ರಮದಾನ ಎಂಬ ಮಾತು ಮನೆಮಾತಾದದ್ದು ಆಗ. ಶಾಲೆಯ ಮಕ್ಕಳು ಮಂಕರಿ ಹೊತ್ತರು, ಅಧಿಕಾರಿಗಳು ಗುದ್ದಲಿ ಹಿಡಿದರು, ರಸ್ತೆಗಳಾದವು, ಬಾವಿಗಳಾದವು. ಮತ್ತೊಂದು ಕಡೆ ವಂಶಪಾರಂಪರ್ಯದ ಗ್ರಾಮ ಹುದ್ದೆಗಳನ್ನು ತೆಗೆದುಹಾಕುವ ಕಾಯಿದೆ 1961ರಲ್ಲಿ ಆಗಿ, 1963ನೆಯ ಫೆಬ್ರವರಿ 1ರಿಂದ ಜಾರಿಗೆ ಬಂದಿತು. ಶಾನುಭೋಗ ಪಟೇಲರೊಡನೆ ತೋಟಿ, ತಳವಾರ, ನೀರುಗಂಟಿಗಳ ಹುಟ್ಟಿನ ಹೊಣೆಯೂ ಹೋಯಿತು. ಹೋಗಬೇಕಾದದ್ದೇ ಹೋಯಿತು, ಯಾರೂ ಹುಟ್ಟಿನಿಂದ ಇನ್ನೊಬ್ಬರ ಕೊಳೆ ತೆಗೆಯುವವರಾಗಬಾರದು. ಆದರೆ ಆ ಜಾಗಕ್ಕೆ ನೀರಿನ ಕಾವಲಿಗೆಂದು ಇನ್ನೊಂದು ಗಟ್ಟಿಯಾದ ಕಟ್ಟಳೆ ಹಳ್ಳಿಹಳ್ಳಿಯಲ್ಲಿ ಬೇರೂರಲಿಲ್ಲ. ಶ್ರಮದಾನ ಉತ್ಸಾಹದ ಮಾತಾಗಿತ್ತು. ಊಳಿಗ ದಿನಚರಿಯ ಮಾತಾಗಿತ್ತು. ಒಂದು ಹೋದ ಜಾಗವನ್ನು ಇನ್ನೊಂದು ತುಂಬಲಿಲ್ಲ.

ಊರಿಗೆ ಬಂದವಳು ನೀರಿಗೆ ಬಾರಳೆ ಎಂಬ ಗಾದೆ ನಮ್ಮಲ್ಲಿದೆ. ಕೊಳಾಯಿ ಮನೆಯೊಳಕ್ಕೆ ಬಂದ ಮೇಲೆ ಆ ಗಾದೆ ಸುಳ್ಳಾಯಿತು. ಕೊಳವೆಬಾವಿ ತೋಟದಲ್ಲಿ ಎದ್ದಿತು, ನಲ್ಲಿ ಅಡಿಗೆಮನೆಗೆ ಬಂದಿತು. ಹೆಣ್ಣುಮಕ್ಕಳ ಬೆನ್ನಿನ ಭಾರ ಇಳಿಯಿತು; ಅದು ಒಳ್ಳೆಯದೇ. ಆದರೆ ದಿನಕ್ಕೆರಡು ಬಾರಿ ಕಲ್ಯಾಣಿಯ ಮೆಟ್ಟಿಲಿಳಿಯುತ್ತಿದ್ದ ನೂರು ಜೊತೆ ಕಣ್ಣುಗಳು ಅಲ್ಲಿಂದ ಹೊರಟುಹೋದವು. ಕೊಡ ಹೊತ್ತು ಬಂದವಳು, ತನ್ನ ಮನೆಯವರು ಕುಡಿಯುವ ನೀರಿಗೆ ಯಾರಾದರೂ ಎಂಜಲೆಲೆ ಎಸೆದರೆ ಸುಮ್ಮನಿರುತ್ತಿದ್ದಳೆ? ಬಳಕೆಯೇ ನೀರಿನ ದೊಡ್ಡ ಕಾವಲಾಗಿತ್ತು. ಬಳಕೆ ತಪ್ಪಿದ ಕೆರೆಗೆ ಅಂತರಗಂಗೆ ಬಂತು, ಜೊಂಡು ಬಂತು, ಕೊನೆಗೆ ಊರಿನ ಕಸ ಬಂತು.

ಈಗ ನಾಲ್ಕು ತಾಲ್ಲೂಕುಗಳನ್ನು ಒಂದು ಸುತ್ತು ನೋಡೋಣ. ಶ್ರೀರಂಗಪಟ್ಟಣದ ಪಶ್ಚಿಮವಾಹಿನಿಯಲ್ಲಿ ಹೊಳೆ ಪಡುವಣಕ್ಕೆ ತಿರುಗಿ ಹರಿಯುವುದರಿಂದ ಅಸ್ಥಿ ವಿಸರ್ಜನೆಗೆ ಅದು ಪವಿತ್ರ ಸ್ಥಳ. 1948ನೆಯ ಫೆಬ್ರವರಿ 12ರಂದು ಗಾಂಧೀಜಿಯವರ ಚಿತಾಭಸ್ಮದ ಒಂದು ಭಾಗವನ್ನು ವಿಸರ್ಜಿಸಿದ್ದೂ ಇಲ್ಲಿಯೇ. ತಮ್ಮ ಆಶ್ರಮದಲ್ಲಿ ಕಕ್ಕಸನ್ನು ತಾವೇ ತೊಳೆದ ಆ ಮಹಾತ್ಮರ ನೆನಪಿರುವ ನೀರಿನಲ್ಲಿ ಸತ್ತವರ ಬಟ್ಟೆ, ಮಡಕೆಯ ಚೂರು, ಹೂಮಾಲೆ, ಪೂಜೆಯ ಸಾಮಾನಿನ ಪ್ಲಾಸ್ಟಿಕ್ ಚೀಲಗಳು ಸಿಕ್ಕಿಕೊಂಡಿರುವುದನ್ನು ಕಾಣುತ್ತೇವೆ. ಬೂದಿ ಕರಗುತ್ತದೆ, ಮೂಳೆ ಮಣ್ಣಾಗುತ್ತದೆ. ನೈಲಾನ್ ಸೀರೆ ಕರಗದು. ಶಾಸ್ತ್ರ ಹುಟ್ಟಿದ ಕಾಲದಲ್ಲಿ ಬಿಡುತ್ತಿದ್ದ ಬಟ್ಟೆ ಹತ್ತಿಯದು. ಶಾಸ್ತ್ರ ಹಾಗೆಯೇ ಉಳಿದು ಬಟ್ಟೆ ಮಾತ್ರ ಬದಲಾದಾಗ ಹೊಳೆಗೆ ಕಷ್ಟ ಬಂದಿತು.

ಅಲ್ಲಿಗೆ ಸಮೀಪದಲ್ಲಿಯೇ ರಂಗನತಿಟ್ಟು. 17ನೆಯ ಶತಮಾನದಲ್ಲಿ ಕಂಠೀರವ ನರಸರಾಜ ಒಡೆಯರ ಕಾಲದಲ್ಲಿ ಹೊಳೆಗೆ ಅಣೆ ಕಟ್ಟಿದಾಗ ಎದ್ದ ನಡುಗಡ್ಡೆಗಳು ಹಕ್ಕಿಗಳ ಬೀಡಾದವು. ಪಕ್ಷಿತಜ್ಞ ಸಲೀಂ ಅಲಿಯವರ ಸಲಹೆಯಂತೆ 1940ರಲ್ಲಿ ಅದು ಪಕ್ಷಿಧಾಮವಾಯಿತು. ಸುಮಾರು 0.67 ಚದರ ಕಿಲೋಮೀಟರಿನ ಈ ಚಿಕ್ಕ ಜಾಗ 2022ರಲ್ಲಿ ರಾಮ್‌ಸಾರ್ ಪಟ್ಟಿಗೆ, ಅಂದರೆ ಜಗತ್ತಿನ ಮುಖ್ಯ ಜೌಗುನೆಲಗಳ ಪಟ್ಟಿಗೆ ಸೇರಿತು. ಕರ್ನಾಟಕದಿಂದ ಆ ಪಟ್ಟಿಗೆ ಹೋದ ಮೊದಲ ಹೆಸರು ಇದು. 2024ರಲ್ಲಿ ಅದೇ ಪಟ್ಟಿಗೆ ಸೇರಿದ ಅಘನಾಶಿನಿಯ ಅಳಿವೆ ಕಾಂಡ್ಲಾ ಬೆಳೆದಿರುವ ನೆಲ. ಒಳನಾಡಿನ ತಿಟ್ಟಿಗೂ ಕಡಲಂಚಿನ ಕೆಸರಿಗೂ ಜಗತ್ತು ಒಂದೇ ಸಾಲಿನಲ್ಲಿ ಮಣೆ ಹಾಕಿದೆ. 2018, 2019ರ ನೆರೆಗಳು ರಂಗನತಿಟ್ಟನ್ನು ಮುಳುಗಿಸಿದವು. ಇಂಥ ನೆರೆ ಇಳಿದ ಮೇಲೆ ಹೊಳೆಯಂಚಿನ ಮರಗಳ ಕೊಂಬೆಗಳಲ್ಲಿ ತೂಗುವ ಚಿಂದಿ ಚೀಲಗಳು, ಮೇಲಿನ ಊರು ಏನನ್ನು ಬಿಟ್ಟಿತೆಂಬುದಕ್ಕೆ ಬರೆದಿಟ್ಟ ರಶೀತಿಯಂತಿರುತ್ತವೆ.

ಕೃಷ್ಣರಾಜಪೇಟೆ ತಾಲ್ಲೂಕಿನ ಅಂಬಿಗರಹಳ್ಳಿಯ ಬಳಿ ಕಾವೇರಿ, ಹೇಮಾವತಿ, ಲಕ್ಷ್ಮಣತೀರ್ಥಗಳ ಕೂಡಲಿದೆ. 2013ರಲ್ಲಿಯೂ 2022ರ ಅಕ್ಟೋಬರಿನಲ್ಲಿಯೂ ಅಲ್ಲಿ ಕುಂಭಮೇಳ ನಡೆಯಿತು. ಜನ ಸೇರುವುದು ಹಬ್ಬ. ಜನ ಚದುರಿದ ಮರುದಿನ ದಡವನ್ನು ನೋಡುವುದು ಪರೀಕ್ಷೆ. ನಾಗಮಂಗಲದಲ್ಲಿ ದೊಡ್ಡ ಹೊಳೆಯಿಲ್ಲ. ಮಳೆಯನ್ನು ನಂಬಿದ ಆ ತಾಲ್ಲೂಕಿಗೆ ಕೆರೆ ಕಲ್ಯಾಣಿಗಳೇ ಜೀವ. ಹೂಳು ತುಂಬಿದ ಕೆರೆ ಅಲ್ಲಿ ಕಣ್ಣಿಗೆ ನೋವಷ್ಟೇ ಅಲ್ಲ, ಹೊಟ್ಟೆಗೂ ಪೆಟ್ಟು.

ಇದಕ್ಕೆ ಕೈ ಜೋಡಿಸಿದವರು ಇದ್ದಾರೆ. ಈ ಮನೋಧರ್ಮಕ್ಕೆ ನಮ್ಮ ನಾಡಿನಲ್ಲಿ ಒಂದು ಒಳ್ಳೆಯ ಪೂರ್ವಕಥೆಯಿದೆ. 1924ರ ಡಿಸೆಂಬರಿನಲ್ಲಿ ಗಾಂಧೀಜಿ ಅಧ್ಯಕ್ಷರಾಗಿದ್ದ ಬೆಳಗಾವಿಯ ಕಾಂಗ್ರೆಸ್ ಅಧಿವೇಶನದಲ್ಲಿ ಬಿಡಾರಗಳ ಚೊಕ್ಕಟವನ್ನು ನೋಡಿಕೊಂಡವರು ಸ್ವಯಂಸೇವಕರು. ಎಲ್ಲ ಜಾತಿಯ ತರುಣರು ಪೊರಕೆ ಹಿಡಿದು, ಕೊಳೆ ತೆಗೆಯುವುದು ಒಂದು ಜಾತಿಯ ಹಣೆಬರಹವಲ್ಲವೆಂದು ತೋರಿಸಿದರು. ಹಳೆಯ ಊಳಿಗದಲ್ಲಿದ್ದ ಅನ್ಯಾಯಕ್ಕೆ ಉತ್ತರ ಅಲ್ಲಿ ದೊರೆಯಿತು. 1969ರಲ್ಲಿ ಆರಂಭವಾದ ರಾಷ್ಟ್ರೀಯ ಸೇವಾ ಯೋಜನೆಯ ಶಿಬಿರಗಳು ಕಾಲೇಜಿನ ಹುಡುಗ ಹುಡುಗಿಯರನ್ನು ಕಲ್ಯಾಣಿ ಕೆರೆಗಳಿಗೆ ಇಳಿಸಿದವು. ಮೇಲುಕೋಟೆಯಲ್ಲಿ ಸುರೇಂದ್ರ ಕೌಲಗಿಯವರು 1960ರಲ್ಲಿ ಕಟ್ಟಿದ ಜನಪದ ಸೇವಾ ಟ್ರಸ್ಟು ಕೈದುಡಿಮೆಗೂ ಸರಳ ಬಾಳಿಗೂ ಒಂದು ನೆಲೆಯಾಯಿತು. ನೆರೆಯ ಹಾಸನದಲ್ಲಿ ಹಸಿರುಭೂಮಿ ಪ್ರತಿಷ್ಠಾನದವರು 2017ರಿಂದೀಚೆಗೆ ಮುಚ್ಚಿಹೋಗಿದ್ದ ಕಲ್ಯಾಣಿಗಳನ್ನು ಶ್ರಮದಾನದಿಂದ ಬಗೆದು ತೆರೆದರು. ಮಳವಳ್ಳಿ ತಾಲ್ಲೂಕಿನ ದಾಸನದೊಡ್ಡಿಯ ಕುರಿಗಾಹಿ ಕಾಮೇಗೌಡರು ಬೆಟ್ಟದ ಮೇಲೆ ಹತ್ತಕ್ಕೂ ಹೆಚ್ಚು ಕಟ್ಟೆಗಳನ್ನು ತಮ್ಮ ದುಡಿಮೆಯಿಂದಲೇ ತೋಡಿದರು. 2020ರ ಜೂನಿನಲ್ಲಿ ಪ್ರಧಾನಿಯವರು ಬಾನುಲಿಯ ಮಾತಿನಲ್ಲಿ ಅವರನ್ನು ನೆನೆದಾಗ ಮಂಡ್ಯದ ಮನೆಮನೆಗೆ ಆ ಹೆಸರು ಮುಟ್ಟಿತು. 2022ರಲ್ಲಿ ಅವರು ಕಣ್ಮುಚ್ಚಿದರು.

ಇಲ್ಲಿಯೇ ಒಂದು ಪ್ರಶ್ನೆ ಏಳುತ್ತದೆ. ಕಾಮೇಗೌಡರ ಕಟ್ಟೆಗಳನ್ನು ಅವರ ಕಾಲಾನಂತರ ಯಾರು ಕಾಯಬೇಕು? ಶಿಬಿರ ಮುಗಿಸಿ ವಿದ್ಯಾರ್ಥಿಗಳು ಬಸ್ಸು ಹತ್ತಿದ ಮೇಲೆ ಕಲ್ಯಾಣಿಗೆ ಯಾರು ದಿಕ್ಕು? ಒಂದು ದಿನದ ಶ್ರಮದಾನ ಕಣ್ಣು ತೆರೆಸುತ್ತದೆ. ವರುಷದ ಉಳಿದ ದಿನಗಳ ಕೆಲಸವನ್ನು ಅದು ಮಾಡಲಾರದು. ಕಾಯಿದೆಗಳಿಗೂ ಇದೇ ಮಾತು ಸಲ್ಲುತ್ತದೆ. 1974ರಲ್ಲಿ ನೀರಿನ ಮಾಲಿನ್ಯ ತಡೆಯುವ ಕಾಯಿದೆ ಬಂತು. 2016ರಲ್ಲಿ ಕರ್ನಾಟಕ ಪ್ಲಾಸ್ಟಿಕ್ ಚೀಲಗಳನ್ನು ನಿಷೇಧಿಸಿತು. 2022ನೆಯ ಜುಲೈ 1ರಿಂದ, ಒಂದು ಸಲ ಬಳಸಿ ಎಸೆಯುವ ಹಲವು ಪ್ಲಾಸ್ಟಿಕ್ ವಸ್ತುಗಳಿಗೆ ದೇಶದಲ್ಲೆಲ್ಲ ತಡೆ ಬಿತ್ತು. ಇಷ್ಟಾದರೂ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2018ರಲ್ಲಿ ಹೊರಡಿಸಿದ ಮಲಿನ ನದೀಭಾಗಗಳ ಪಟ್ಟಿಯಲ್ಲಿ ರಂಗನತಿಟ್ಟಿನಿಂದ ಕೆಳಗಿನ ಕಾವೇರಿಯ ಒಂದು ಹರಿವಿನ ಹೆಸರೂ ಇತ್ತು. ಕಾಯಿದೆ ಎಸೆಯುವ ಕೈಗೆ ದಂಡ ಹಾಕಬಲ್ಲದು. ಎತ್ತುವ ಕೈಯನ್ನು ಅದು ಹುಟ್ಟಿಸಲಾರದು.

ಹಾಗಾದರೆ ಮಾರ್ಗವೇನು? ಶಾಸನಗಳನ್ನು ಬರೆಸಿದವರು ತೋರಿಸಿದ ಮೂರು ಸಂಗತಿಗಳು ಇಂದಿಗೂ ಸಲ್ಲುತ್ತವೆ. ಆಳು ಗೊತ್ತಿರಬೇಕು, ದಿನ ಗೊತ್ತಿರಬೇಕು, ಖರ್ಚಿನ ಮೂಲ ಗೊತ್ತಿರಬೇಕು. ಅವರಿಂದ ನಾವು ಬಿಡಬೇಕಾದದ್ದು ಒಂದೇ: ಹುಟ್ಟಿನ ಹಂಚಿಕೆ. ಬೀದಿಗೊಂದು ಸರದಿ, ಶಾಲೆಗೊಂದು ಸರದಿ, ಸಂಘಕ್ಕೊಂದು ಸರದಿ ಎಂದು ವರುಷದ ಮೊದಲಲ್ಲಿಯೇ ಬರೆದಿಟ್ಟರೆ, ಕಲ್ಯಾಣಿಗೆ ಯಾವ ವಾರ ಯಾರ ವಾರ ಎಂಬುದು ಊರಿಗೆಲ್ಲ ತಿಳಿದಿರುತ್ತದೆ. ತೆಗೆದ ಕಸ ಎಲ್ಲಿಗೆ ಹೋಗಬೇಕೆಂಬುದನ್ನೂ ಮೊದಲೇ ಪಂಚಾಯಿತಿಯೊಡನೆ ಗೊತ್ತುಮಾಡಿಕೊಳ್ಳಬೇಕು. ದಡದ ಮೇಲೆ ರಾಶಿ ಹಾಕಿ ಬಿಟ್ಟ ಕಸ ಮೊದಲ ಮಳೆಗೆ ಮತ್ತೆ ನೀರಿಗೇ ಇಳಿಯುತ್ತದೆ. ಹಿಂದೆ ಗೋಡುಮಣ್ಣಿಗೆ ಹೊಲವೊಂದು ಕಾದಿದ್ದಂತೆ ಇಂದಿನ ಕಸಕ್ಕೂ ಒಂದು ಮನೆ ಗೊತ್ತಿರಬೇಕು. ಕಸ ತೆಗೆಯುವವರಿಗೆ ಕೈಗವಸು, ಮಕ್ಕಳನ್ನು ಆಳದ ನೀರಿಗೆ ಇಳಿಸದಿರುವ ಎಚ್ಚರ, ಕೂಲಿಯವರು ಬಂದರೆ ನ್ಯಾಯವಾದ ಕೂಲಿ, ಇವು ಸೇವೆಗೆ ಹೊರತಾದ ವಿಷಯಗಳಲ್ಲ.

ಪಟ್ಟಣದ ಮನೆಗಳಲ್ಲಿ ಇದನ್ನು ಓದುವವರಿಗೆ ಕೆರೆಯ ಸರದಿ ದೂರದ ಮಾತೆನಿಸಬಹುದು. ಅವರ ಪಾಲಿಗೂ ಕೆಲಸವುಂಟು. ಪಶ್ಚಿಮವಾಹಿನಿಗೆ ಹೋದಾಗ ಅಸ್ಥಿಯನ್ನು ನೀರಿಗೆ ಬಿಟ್ಟು, ಬಟ್ಟೆಯನ್ನೂ ಚೀಲವನ್ನೂ ಹಿಂದಕ್ಕೆ ತರುವುದು. ದೇವರ ಹೂವನ್ನು ಹೊಳೆಗಲ್ಲದೆ ಗಿಡದ ಬುಡಕ್ಕೆ ಹಾಕುವುದು. ಗೌರಿ ಗಣೇಶರನ್ನು ಬಣ್ಣವಿಲ್ಲದ ಮಣ್ಣಿನಲ್ಲಿ ಮಾಡಿಸುವುದು. ವೈರಮುಡಿಗೆ ಮೇಲುಕೋಟೆ ಹತ್ತುವಾಗ ನೀರಿನ ಪಾತ್ರೆಯನ್ನು ಮನೆಯಿಂದಲೇ ಒಯ್ಯುವುದು. ಇವುಗಳಲ್ಲಿ ಯಾವುದಕ್ಕೂ ಹಣ ಬೇಡ, ಸಭೆ ಬೇಡ. ಸತ್ತವರಿಗೆ ಇದರಿಂದ ಸದ್ಗತಿ ತಪ್ಪುವುದಿಲ್ಲ. ಬದುಕಿರುವವರಿಗೆ ನೀರು ಉಳಿಯುತ್ತದೆ.

ಆದಿರಂಗನ ಪಾದ ತೊಳೆದ ನೀರು ಅಂತ್ಯರಂಗನ ಊರನ್ನು ದಾಟಿ, ಉಸಿರುಬೇರುಗಳನ್ನು ಮೇಲೆತ್ತಿ ಕಾದಿರುವ ಕಾಂಡ್ಲಾದ ಕೆಸರನ್ನು ಮುಟ್ಟುತ್ತದೆ. ಅಲ್ಲಿ ಚೀಲ ಬಿಡಿಸುತ್ತಿರುವ ಸ್ವಯಂಸೇವಕನಿಗೆ ನಮ್ಮ ಹೆಸರು ಗೊತ್ತಿಲ್ಲ, ನಮಗೆ ಅವನ ಹೆಸರು ಗೊತ್ತಿಲ್ಲ. ಅವನ ಭಾನುವಾರದ ಕೆಲಸ ಒಂದಿಷ್ಟಾದರೂ ಕಡಮೆಯಾಗುವಂತೆ ಮಾಡುವುದು ಹೊಳೆಯ ಮೇಲ್ಗಡೆ ಇರುವವರ ಕೈಯಲ್ಲಿದೆ. ನಮ್ಮ ತಾಲ್ಲೂಕುಗಳಿಗೆ ಈ ಕೆಲಸ ಹೊಸದಲ್ಲ. ಹಿಂದೆ ಅದು ಕೆಲವರ ಹಣೆಯ ಬರೆಹವಾಗಿತ್ತು. ಇನ್ನು ಮುಂದೆ ಅದು ಎಲ್ಲರ ವಾರದ ಸರದಿಯಾಗಲಿ.